ಪ್ರೋಗ್ರಾಮರ್‌ಗೆ ಯಾವ ಪೋರ್ಟ್? ನಾನು ಎಡವಿದ ಜಾಗ

ಪಿಐಸಿ16ಎಫ್84ಎ ಎಂಬ ಮೈಕ್ರೋಕಂಟ್ರೋಲರ್ ಚಿಪ್‌ಗೆ ಪ್ರೋಗ್ರಾಂ ಹಾಕಲು ಜೆಡಿಎಂ ಎಂಬ ಸರಳ ಪ್ರೋಗ್ರಾಮರ್ ಸರ್ಕ್ಯೂಟ್ ಕಟ್ಟಿದ್ದೆ (ಪ್ರೋಗ್ರಾಮರ್ ಅಂದರೆ ಇಲ್ಲಿ ಕಂಪ್ಯೂಟರ್‌ನಿಂದ ಚಿಪ್‌ಗೆ ಪ್ರೋಗ್ರಾಂ ಬರೆಯುವ ಸಾಧನ). ನಾಲ್ಕು ದಿನ ಒದ್ದಾಡಿದರೂ ಚಿಪ್ ಓದಿದಾಗ ಬರೀ ಸೊನ್ನೆ. ಬೆಸುಗೆ ಸರಿ ಇತ್ತು, ಚಿಪ್ಪೂ ಸರಿ ಇತ್ತು. ತೊಂದರೆ ಇದ್ದದ್ದು ಪೋರ್ಟ್‌ನಲ್ಲಿ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ 9 ಪಿನ್ನಿನ ಸೀರಿಯಲ್ ಪೋರ್ಟ್ ಇಲ್ಲ. ಹಾಗಾಗಿ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿದೆ. ಕನೆಕ್ಟರ್ ಸರಿಯಾಗಿ ಕೂತಿತು, ಕಾಮ್ ಪೋರ್ಟ್ ನಂಬರೂ ಬಂತು. ಅಂದರೆ ಅದು ಸೀರಿಯಲ್ ಪೋರ್ಟೇ ಅಲ್ವಾ? ಡೇಟಾ ಕಳಿಸಲು ಹೌದು. ಜೆಡಿಎಂಗೆ ಅಲ್ಲ.

ಜೆಡಿಎಂನಲ್ಲಿ ಸ್ವಂತ ಪವರ್ ಸಪ್ಲೈ ಇಲ್ಲ, ಕಂಟ್ರೋಲರ್ ಚಿಪ್ಪೂ ಇಲ್ಲ. ಕರೆಂಟು ಮತ್ತು ಟೈಮಿಂಗ್ ಎರಡನ್ನೂ ಪೋರ್ಟ್‌ನಿಂದಲೇ ತೆಗೆದುಕೊಳ್ಳುತ್ತದೆ.

ಮೊದಲು ಕರೆಂಟು. ಈ ಚಿಪ್ ಪ್ರೋಗ್ರಾಮಿಂಗ್ ಸ್ಥಿತಿಗೆ ಹೋಗಲು ಎಂಸಿಎಲ್‌ಆರ್ (ರೀಸೆಟ್) ಪಿನ್ನಿಗೆ ಸುಮಾರು 13 ವೋಲ್ಟ್ ಬೇಕು. ಜೆಡಿಎಂನಲ್ಲಿ ವೋಲ್ಟೇಜನ್ನು ಒಂದು ಮಟ್ಟಕ್ಕೆ ಹಿಡಿದಿಡುವ ಎರಡು ಝೀನರ್ ಡಯೋಡ್ ಇವೆ, 5.1 ಮತ್ತು 8.2 ವೋಲ್ಟ್. ಪೋರ್ಟ್‌ನ ಮೈನಸ್ ಕಡೆಯಿಂದ 5, ಪ್ಲಸ್ ಕಡೆಯಿಂದ 8, ಕೂಡಿಸಿದರೆ 13. ಹಳೆಯ ಡೆಸ್ಕ್‌ಟಾಪ್ ಪೋರ್ಟ್ ಸುಮಾರು 12 ವೋಲ್ಟ್ ಕೊಡುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. ನನ್ನ ಕೇಬಲ್‌ನಲ್ಲಿ 3 ಮತ್ತು 5ನೇ ಪಿನ್ನಿನ ನಡುವೆ ಮೀಟರ್ ಇಟ್ಟರೆ ಮೈನಸ್ 5.6 ಬಂತು. ಪ್ಲಸ್ ಕಡೆಯೂ ಅಷ್ಟೇ ಇದ್ದರೆ 8.2 ಎಲ್ಲಿಂದ ಬರಬೇಕು? ಸರ್ಕ್ಯೂಟ್ ಕಟ್ಟುವ ಮೊದಲೇ ಈ ಎರಡು ಪಿನ್ ಅಳೆದುಬಿಡಿ. ಒಂದು ನಿಮಿಷದ ಕೆಲಸ.

ಇನ್ನು ಟೈಮಿಂಗ್. ಪೋರ್ಟ್‌ನ ಆರ್‌ಟಿಎಸ್ ಪಿನ್ ಕ್ಲಾಕ್ (ಪ್ರತಿ ಬಿಟ್‌ನ ಸಮಯ ತಿಳಿಸುವ ಸಿಗ್ನಲ್), ಡಿಟಿಆರ್ ಪಿನ್ ಡೇಟಾ. ಒಂದೊಂದು ಬದಲಾವಣೆಯನ್ನೂ ಕಂಪ್ಯೂಟರ್ ಬೇರೆ ಬೇರೆಯಾಗಿ ಕಳಿಸಬೇಕು. ಯುಎಸ್‌ಬಿಯಲ್ಲಿ ಒಂದು ಬದಲಾವಣೆಗೆ 1 ಮಿಲಿಸೆಕೆಂಡ್ ಅಂದುಕೊಳ್ಳಿ. ಚಿಪ್ ಮೆಮೊರಿಯ ಒಂದು ವರ್ಡ್‌ಗೆ 6 ಬಿಟ್ ಕಮಾಂಡ್, 16 ಬಿಟ್ ಡೇಟಾ, ಒಟ್ಟು 22. ಬಿಟ್‌ಗೆ ಮೂರು ಬದಲಾವಣೆಯಂತೆ (ಡೇಟಾದ್ದು ಒಂದು, ಕ್ಲಾಕ್ ಏರಿ ಇಳಿಯುವುದು ಎರಡು) 66 ಮಿಲಿಸೆಕೆಂಡ್. ಚಿಪ್‌ನ ಎಲ್ಲ 1024 ವರ್ಡ್‌ಗೆ ಸುಮಾರು 68 ಸೆಕೆಂಡ್, ಅದೂ ಬರೀ ಕಳಿಸಲಿಕ್ಕೆ. ಇದು ನಿಧಾನ, ಅಷ್ಟೇ. ಇದರಿಂದ ಕೆಲಸ ನಿಲ್ಲುವುದಿಲ್ಲ. ವೋಲ್ಟೇಜ್ ಸಾಲದಿದ್ದರೆ ನಿಲ್ಲುತ್ತದೆ. ನಾನು ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಸಾಫ್ಟ್‌ವೇರ್‌ನ ಡಿಲೇ ಬದಲಿಸುತ್ತಾ ಕೂತಿದ್ದೆ.

25 ಪಿನ್ನಿನ ಪ್ಯಾರಲಲ್ ಪೋರ್ಟ್ ಇರುವ ಹಳೆ ಡೆಸ್ಕ್‌ಟಾಪ್ ಮನೆಯಲ್ಲಿದ್ದರೆ ಎವಿಆರ್‌ಗೆ (ಇದು ಇನ್ನೊಂದು ಜಾತಿಯ ಮೈಕ್ರೋಕಂಟ್ರೋಲರ್) ಅದು ಚೆನ್ನ. ಯುಎಸ್‌ಬಿ-ಪ್ಯಾರಲಲ್ ಕೇಬಲ್ ಮಾತ್ರ ಕೊಳ್ಳಬೇಡಿ, ಅದು ಪ್ರಿಂಟರ್‌ಗೆ ಮಾತ್ರ.

ಹೊಸದಾಗಿ ಶುರುಮಾಡುವವರು ತನ್ನದೇ ಚಿಪ್ ಇರುವ ಯುಎಸ್‌ಬಿ ಪ್ರೋಗ್ರಾಮರ್ ತೆಗೆದುಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ. ಪಿಐಸಿಗೆ ಪಿಕ್‌ಕಿಟ್ 2, ಅದು ಹೆಚ್ಚಿನ ವೋಲ್ಟೇಜನ್ನು ತಾನೇ ತಯಾರಿಸಿಕೊಳ್ಳುತ್ತದೆ. ಎವಿಆರ್‌ಗೆ ಯುಎಸ್‌ಬಿಎಎಸ್‌ಪಿ. ಎವಿಆರ್ ಜಾತಿಯ ಹೊಸ ಎಟಿಮೆಗಾ8 ಚಿಪ್ ಓಡುವುದು 1 ಮೆಗಾಹರ್ಟ್ಸ್‌ನಲ್ಲಿ, ಪ್ರೋಗ್ರಾಮಿಂಗ್ ಕ್ಲಾಕ್ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಮೊದಲ ಸಲ ಯುಎಸ್‌ಬಿಎಎಸ್‌ಪಿಯಲ್ಲಿ ಕ್ಲಾಕ್ ನಿಧಾನ ಮಾಡುವ ಜಂಪರ್ ಹಾಕಿ.

ಯುಎಸ್‌ಬಿಎಎಸ್‌ಪಿ ನೀವೇ ಕಟ್ಟುವುದಾದರೆ ಅದರೊಳಗಿನ ಚಿಪ್‌ಗೂ ಪ್ರೋಗ್ರಾಂ ಹಾಕಬೇಕಲ್ಲ. ಅದಕ್ಕೆ ಆರ್ಡುಯಿನೊ ಉನೊ ಬೋರ್ಡ್ ಸಾಕು. ಮೊದಲು ಉನೊಗೆ ಐಎಸ್‌ಪಿ ಸ್ಕೆಚ್ (ಉನೊವನ್ನೇ ಪ್ರೋಗ್ರಾಮರ್ ಮಾಡುವ ಪ್ರೋಗ್ರಾಂ) ಹಾಕಿ. ಆಮೇಲೆ ಉನೊದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಸ್ ಕಾಲು ರೀಸೆಟ್ ಕಡೆಗೆ. ಸ್ಕೆಚ್ ಹಾಕುವಾಗಲೇ ಅದು ಅಲ್ಲಿದ್ದರೆ ಅಪ್‌ಲೋಡ್ ಆಗುವುದಿಲ್ಲ.