ಉಪ್ಪು ಹಾಕ್ಕೊಳ್ಳೋದು ಕೇಳೋರು, ಹೇಳೋರಲ್ಲ

ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರ್ತಿದ್ದ ಹುಡುಗಿಯೊಬ್ಳು ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿದ್ಲು, "ಐ ಹ್ಯಾವ್ ಟೇಕನ್ ಯುವರ್ ಫೀಡ್‌ಬ್ಯಾಕ್ ವಿತ್ ಎ ಪಿಂಚ್ ಆಫ್ ಸಾಲ್ಟ್" ಅಂತ. ಅವಳ ಮನಸ್ಸಲ್ಲಿದ್ದಿದ್ದು 'ನೀವು ಹೇಳಿದ್ದಕ್ಕೆ ಬೇಜಾರಿಲ್ಲ' ಅಂತ, ಆದ್ರೆ ಓದಿದವ್ರಿಗೆ ತಿಳಿದಿದ್ದು 'ನಿಮ್ಮ ಮಾತು ನಾನು ಪೂರ್ತಿ ನಂಬಲ್ಲ' ಅಂತ. ಆಮೇಲೆ ಅವಳು ಎಷ್ಟು ಒದ್ದಾಡಿದ್ಲು ಅಂತ ನಂಗೊತ್ತು, ಅದಕ್ಕೇ ಇವತ್ತು ಇದನ್ನ ಬರೀತಿದೀನಿ.

'ಟೇಕ್ ವಿತ್ ಎ ಪಿಂಚ್ ಆಫ್ ಸಾಲ್ಟ್', ಅಂದ್ರೆ ಪದಶಃ 'ಒಂದು ಚಿಟಿಕೆ ಉಪ್ಪಿನ ಜೊತೆ ತಗೋ' ಅನ್ನೋ ಈ ಈಡಿಯಮ್‌ಗೆ (ನುಡಿಗಟ್ಟಿಗೆ) ಅರ್ಥ ಇಷ್ಟೇ, ಕೇಳಿದ್ದನ್ನೆಲ್ಲಾ ಹಾಗೇ ನುಂಗಬೇಡ, ಸ್ವಲ್ಪ ಅನುಮಾನ ಇಟ್ಕೊಂಡು ಕೇಳು. ಸುಳ್ಳು ಅಂತಲ್ಲ! ಮಾರೋನು ತನ್ನ ಮಾಲನ್ನ ಹೊಗಳಿದ್ರೆ, ಸುದ್ದಿ ನಾಲ್ಕು ಬಾಯಿ ದಾಟಿ ಬಂದಿದ್ರೆ, ಅದರಲ್ಲಿ ನಿಜಾನೂ ಇರತ್ತೆ, ಸೇರಿಸಿದ್ದೂ ಇರತ್ತೆ, ಅಂಥ ಕಡೆ ಇದು ಸರಿಯಾಗಿ ಕೂರತ್ತೆ. ಶುದ್ಧ ಸುಳ್ಳಿಗೆ ಇದನ್ನ ಬಳಸಬೇಡಿ.

ನಮಗೆ ಗೊಂದಲ ಆಗೋಕೆ ಕಾರಣ ನಮ್ಮ ಉಪ್ಪು ಅಂತ ನಂಗನ್ಸತ್ತೆ. ಕನ್ನಡದಲ್ಲಿ 'ಉಪ್ಪು ಖಾರ ಹಚ್ಚಿ ಹೇಳ್ತಾನೆ' ಅಂದ್ರೆ ಉಪ್ಪು ಹಾಕೋನು ಹೇಳೋನು, ಇಂಗ್ಲಿಷಲ್ಲಿ ಉಪ್ಪು ಇರೋದು ಕೇಳೋನ ಕೈಲಿ. ಅರ್ಥಕ್ಕೆ ಹತ್ರ ಬರೋದು ನಮ್ಮ 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು', ಆದ್ರೆ ಅದು ಇನ್ನೂ ಗಟ್ಟಿ ಮಾತು.

ಇದರ ಬೇರು ಹುಡುಕ್ತಾ ಹೋದ್ರೆ ಸಿಗೋದು ಕ್ರಿ.ಶ. 77ರ ಸುಮಾರಿಗೆ ರೋಮ್‌ನ ಲೇಖಕ ಪ್ಲಿನಿ ಬರೆದಿಟ್ಟ ಒಂದು ವಿಷದ ಮದ್ದು. ಪಾಂಟಸ್‌ನ (ಈಗಿನ ಟರ್ಕಿಯ ಕಡೆಯ ಹಳೇ ರಾಜ್ಯ) ರಾಜ ಮಿಥ್ರಿಡೇಟಿಸ್‌ನನ್ನ ಸೋಲಿಸಿದ ರೋಮ್‌ನ ಸೇನಾಪತಿ ಪಾಂಪೆಗೆ ಆ ರಾಜನ ಕೈಬರಹದಲ್ಲೇ ಇದು ಸಿಕ್ತಂತೆ: ಒಣಗಿದ ಅಕ್ರೋಟ್ 2, ಅಂಜೂರ 2, ನಾಗದಾಳಿ ಸೊಪ್ಪಿನ ಎಲೆ 20, ಅರೆದು ಒಂದು ಹರಳು ಉಪ್ಪು ಸೇರಿಸಿ ಖಾಲಿ ಹೊಟ್ಟೇಲಿ ತಿಂದ್ರೆ ಆ ದಿನ ಯಾವ ವಿಷಾನೂ ತಟ್ಟಲ್ಲ ಅಂತ. ಪ್ಲಿನಿಯ ಉಪ್ಪು ನಿಜವಾದ ಉಪ್ಪೇ, ಅನುಮಾನದ ಅರ್ಥ ಇಂಗ್ಲಿಷಲ್ಲಿ ಕಾಣೋದು 17ನೇ ಶತಮಾನದಲ್ಲಿ. ಅಮೆರಿಕದವರು ಈಗ್ಲೂ 'ಗ್ರೇನ್ ಆಫ್ ಸಾಲ್ಟ್' (ಒಂದು ಹರಳು ಉಪ್ಪು) ಅಂತಾರೆ, ಬ್ರಿಟಿಷರು 'ಪಿಂಚ್', ಎರಡೂ ಸರಿ.

ಇನ್ನೊಂದು ಮುಖ್ಯ. ಎದುರಿಗಿರೋರ ಮಾತಿಗೇ ಇದನ್ನ ಹೇಳಿದ್ರೆ ಅವಮಾನ ಮಾಡಿದ ಹಾಗೆ, ಅಲ್ಲಿಲ್ಲದ ಮೂರನೆಯವರ ಮಾತಿನ ಬಗ್ಗೆಯಾದ್ರೆ ಎಚ್ಚರಿಕೆ, ನಿಮ್ಮದೇ ಮಾತಿಗೆ ಹೇಳ್ಕೊಂಡ್ರೆ ವಿನಯ. "ಟೇಕ್ ವಾಟ್ ಐ ಸೇ ವಿತ್ ಎ ಪಿಂಚ್ ಆಫ್ ಸಾಲ್ಟ್, ಐ ಆಮ್ ನಾಟ್ ಎ ಡಾಕ್ಟರ್" ಅಂದು ನೋಡಿ, ಎಷ್ಟು ಚೆನ್ನಾಗಿ ಕೇಳ್ಸತ್ತೆ. ಆ ಹುಡುಗಿಗೆ ಬೇಕಾಗಿದ್ದಿದ್ದು ಬರೀ "ಥ್ಯಾಂಕ್ಯೂ, ಐ ವಿಲ್ ವರ್ಕ್ ಆನ್ ಇಟ್" ಅಷ್ಟೇ.