ವಿಸಿಲ್ ಕೈಗೆ ಬಂದ ಅಪ್ಪ-ಅಮ್ಮಂದಿರಿಗೆ

"ಸಾರ್, ನನಗೆ ಫುಟ್‌ಬಾಲ್ ನೋಡಿ ಗೊತ್ತು, ಆಡಿ ಗೊತ್ತಿಲ್ಲ." ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಮೈದಾನದಲ್ಲಿ ಪ್ರತಿ ವರ್ಷ ಈ ಮಾತು ಕೇಳುತ್ತೇನೆ. ತೋಟಕ್ಕೆ ನೀರು ಬಿಟ್ಟು ಬಂದ ಅಪ್ಪ, ಅಂಗನವಾಡಿಯಿಂದ ನೇರ ಬಂದ ಅಮ್ಮ. ಮಕ್ಕಳಿಗೆ ಆಟ ಕಲಿಸಲು ಬೇರೆ ಜನ ಇಲ್ಲ ಅಂತ ಕೋಚ್ ಆಗಲು ಒಪ್ಪಿಕೊಂಡವರು. ನನಗೆ ಇಂಥವರೇ ಇಷ್ಟ. ಕಷ್ಟ ಕೊಡುವವರು ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್, ನೋಡಿ ಬೆಳೆದವರು. ಕೊಯ್ಲಾದ ಗದ್ದೆಯಲ್ಲಿ ಲೈಟ್ ಹಾಕಿ ಆಡುವ ಆಟದ ಬಿಸಿಯನ್ನೆಲ್ಲ ತಂದು ಎಂಟು ವರ್ಷದ ಮಕ್ಕಳ ಮೇಲೆ ಸುರಿಯುತ್ತಾರೆ.

ಮೊದಲ ದಿನ ಎಲ್ಲರೂ ಮಕ್ಕಳನ್ನು ಗೋಲಿನ ಎದುರು ಸಾಲು ನಿಲ್ಲಿಸುತ್ತಾರೆ. ನೋಡಲು ಶಿಸ್ತು, ಅಲ್ವಾ? ಲೆಕ್ಕ ಹಾಕಿ. 16 ಮಕ್ಕಳು, ಒಂದು ಚೆಂಡು. ಒದ್ದು, ಓಡಿ, ಚೆಂಡು ತರಲು 15 ಸೆಕೆಂಡ್ ಅಂದುಕೊಳ್ಳಿ. ಒಬ್ಬನ ಸರದಿ ಮತ್ತೆ ಬರಲು 4 ನಿಮಿಷ. 20 ನಿಮಿಷಕ್ಕೆ ಐದು ಒದೆತ. ಉಳಿದ ಹೊತ್ತು ಅವನು ಮುಂದಿನವನ ಅಂಗಿ ಎಳೆಯುತ್ತಾನೆ. ನಾವು ಬೈಯುತ್ತೇವೆ.

ಸಾಲು ಬಿಡಿಸಿ. ನಾಲ್ವರ ಎದುರು ನಾಲ್ವರು, ಪಕ್ಕಪಕ್ಕ ಎರಡು ಆಟ ಹಾಕಿ. 30 ಹೆಜ್ಜೆ ಉದ್ದ, 20 ಹೆಜ್ಜೆ ಅಗಲ ಸಾಕು. ಗಡಿಗೆ ಚಪ್ಪಲಿ ಇಡಿ. (ತೆಂಗಿನ ಗೆರಟೆ ಬೇಡ, ಒಡೆದರೆ ಕಾಲು ಕೊಯ್ಯುತ್ತದೆ.) ಗೋಲ್‌ಕೀಪರ್ ಬೇಡ, ಆಫ್‌ಸೈಡ್ ನಿಯಮ ಬೇಡ. ಎಲ್ಲರೂ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿಗೆ ಮುತ್ತುತ್ತಾರೆ. ಮುತ್ತಲಿ. ಆ ವಯಸ್ಸಿಗೆ ಚೆಂಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ. "ಜಾಗ ಬಿಟ್ಟು ನಿಲ್ಲು" ಎಂದು ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡಿ.

ಅಂಗಡಿಯವರು ಕೊಡುವುದು 5ನೇ ನಂಬರಿನ ಚೆಂಡು. ಅದು ದೊಡ್ಡವರದ್ದು, 410ರಿಂದ 450 ಗ್ರಾಂ ತೂಗುತ್ತದೆ. ಎಂಟರ ಒಳಗಿನವರಿಗೆ 3, ಅಲ್ಲಿಂದ 12ರವರೆಗೆ 4ನೇ ನಂಬರ್ ಕೇಳಿ ತನ್ನಿ.

ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಈಗಲೇ ಕಲಿಸಬೇಡಿ. 2016ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ನಮ್ಮ ಜಿಲ್ಲೆಯ ತ್ರಿಕರಿಪುರದ ಮೊಹಮ್ಮದ್ ರಾಫಿ ತಲೆಯಿಂದಲೇ ಗೋಲು ಹೊಡೆದದ್ದನ್ನು ಅಪ್ಪಂದಿರು ನೆನಪಿಸುತ್ತಾರೆ. ಹೌದು, ಆಗ ಅವರಿಗೆ ಮೂವತ್ತು ದಾಟಿತ್ತು. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡ್ಡಿಂಗನ್ನೇ ಬೇಡ ಎಂದಿದೆ. ಯಾರದಾದರೂ ತಲೆಗೆ ಜೋರಾಗಿ ಪೆಟ್ಟು ಬಿದ್ದರೆ ಆ ದಿನ ಅವರಿಗೆ ಮತ್ತೆ ಆಟ ಇಲ್ಲ. ಮಗು "ಸರಿ ಇದ್ದೇನೆ" ಅಂದರೂ ಇಲ್ಲ. ವಾಂತಿ, ತಲೆಸುತ್ತು, ತೊದಲು ಮಾತು ಕಂಡರೆ ಆಸ್ಪತ್ರೆಗೆ ಹೊರಡಿ.

ನಮ್ಮಲ್ಲಿ ಇನ್ನೊಂದು ಭಯ ಸಿಡಿಲು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಳೆ ಬರುವುದೇ ಸಂಜೆ, ನಮ್ಮ ಆಟದ ಹೊತ್ತಿಗೆ. ಗುಡುಗು ಕೇಳಿದರೆ ಆಟ ನಿಲ್ಲಿಸಿ, ಮಕ್ಕಳನ್ನು ಶಾಲೆಯ ಕಟ್ಟಡದೊಳಗೆ ಸೇರಿಸಿ. ಮಾವಿನ ಮರದಡಿ ಬೇಡವೇ ಬೇಡ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮುರಕಲ್ಲಿನ ನೆಲ ಪಾಚಿ ಕಟ್ಟಿದ್ದರೆ ಅವತ್ತು ಮನೆಗೇ ಕಳಿಸಿ.

ಇನ್ನು ನಮ್ಮ ಬಾಯಿ. ಚೆಂಡು ಕಾಲಲ್ಲಿರುವಾಗ ಒಬ್ಬರು ಕನ್ನಡದಲ್ಲಿ "ಪಾಸ್ ಕೊಡು", ಇನ್ನೊಬ್ಬರು ಮಲಯಾಳದಲ್ಲಿ "ಅಡಿಕ್ಕ್" (ಹೊಡಿ), ಮತ್ತೊಬ್ಬರು ತುಳುವಿನಲ್ಲಿ "ಬಲಿಪುಲ" (ಓಡು). ಮಗು ಪಾಪ ಮೂರೂ ಭಾಷೆ ಬಲ್ಲದು, ಯಾರ ಮಾತು ಕೇಳಬೇಕು? ನಾನೇನು ಸಾಚಾ ಅಲ್ಲ. ನನ್ನ ಮಗ ತಂಡದಲ್ಲಿದ್ದ ವರ್ಷ ಜಾಸ್ತಿ ಕೂಗಿದ್ದು ಅವನ ಮೇಲೆಯೇ. ಒಂದು ದಿನ ಅವನು ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದ.

ಅಂದಿನಿಂದ ಹೊಸ ಕೋಚ್‌ಗಳಿಗೆ ಹತ್ತು ಅಡಿಕೆ ಕೊಡುತ್ತೇನೆ. ಬಲ ಜೇಬಲ್ಲಿ ಇಟ್ಟುಕೊಳ್ಳಬೇಕು. ಆಟದ ನಡುವೆ ಒಮ್ಮೆ ಕೂಗಿದರೆ ಒಂದು ಅಡಿಕೆ ಎಡ ಜೇಬಿಗೆ. ಬಲ ಜೇಬು ಖಾಲಿಯಾದರೆ ಸುಮ್ನೆ ಕೂರಬೇಕು. ಕಳೆದ ವರ್ಷ ಒಬ್ಬರು ಅಮ್ಮನ ಹತ್ತೂ ಅಡಿಕೆ ಎಂಟೇ ನಿಮಿಷಕ್ಕೆ ಮುಗಿದವು. ಮುಂದಿನ ಶನಿವಾರ ಅವರು ಮನೆಯಿಂದಲೇ ಒಂದು ಚೀಲ ಅಡಿಕೆ ತಂದರು.