ಫೆಬ್ರವರಿ 29 ಎಲ್ಲಿ ಜಾರಿಹೋಯಿತು?

ಲೀಪ್ ವರ್ಷದಲ್ಲಿ ಹುಟ್ಟಿದ ಬಳಕೆದಾರರೊಬ್ಬರಿಂದ ಒಮ್ಮೆ ದೂರು ಬಂತು. ಅವರ ಜನ್ಮದಿನ 2000ದ ಫೆಬ್ರವರಿ 29. ನಾನು ಬರೆದಿದ್ದ, ಚಕ್ರ ಉರುಳಿಸಿ ದಿನಾಂಕ ಆರಿಸುವ ಡೇಟ್ ಪಿಕರ್‌ನಲ್ಲಿ ಅವರು ಮೊದಲು ದಿನದ ಚಕ್ರವನ್ನು 29ಕ್ಕೆ ತಂದರು, ಆಮೇಲೆ ತಿಂಗಳನ್ನು ಫೆಬ್ರವರಿಗೆ, ಕೊನೆಗೆ ವರ್ಷವನ್ನು ಉರುಳಿಸಿ 2000ಕ್ಕೆ. ಸೇವ್ ಆದದ್ದು ಮಾತ್ರ ಫೆಬ್ರವರಿ 28.

ಪಿಕರ್ ತೆರೆದಾಗ ವರ್ಷದ ಚಕ್ರ 2023ರಲ್ಲಿ ನಿಂತಿತ್ತು. ತಿಂಗಳು ಫೆಬ್ರವರಿಗೆ ಬಂದ ಕ್ಷಣವೇ ನನ್ನ ಕೋಡ್ ‘2023ರ ಫೆಬ್ರವರಿಯಲ್ಲಿ 28 ದಿನ ಮಾತ್ರ’ ಎಂದು ಲೆಕ್ಕ ಹಾಕಿ ದಿನವನ್ನು ಒಂದು ಸಾಲು ಕೆಳಗಿಳಿಸಿತ್ತು. ಅಷ್ಟರಲ್ಲಿ ಅವರ ಕಣ್ಣು ವರ್ಷದ ಕಡೆ ಹೊರಳಿತ್ತು. ಕೋಡ್‌ನ ಒಂದೊಂದು ಹೆಜ್ಜೆಯೂ ಸರಿ, ಕೊನೆಗೆ ಬಂದ ಉತ್ತರ ತಪ್ಪು. ಸ್ಕ್ರೋಲ್ ಆಗುವ ಡೇಟ್ ಪಿಕರ್ ಕಟ್ಟುವವರು ಅನಿಮೇಷನ್‌ಗೆ ಕೈ ಹಾಕುವ ಮೊದಲೇ ಈ ತೊಡಕನ್ನು ಬಿಡಿಸಿಕೊಳ್ಳಬೇಕು ಎಂಬುದು ನನ್ನ ಅನುಭವ.

ಪರದೆಯ ಮೇಲೆ ಚಕ್ರಗಳು ಮೂರು, ದಿನಾಂಕ ಒಂದೇ. ಬೆರಳು ಒಂದು ಸಲಕ್ಕೆ ಒಂದು ಚಕ್ರವನ್ನಷ್ಟೇ ತಿರುಗಿಸುತ್ತದೆ. ಹಾಗಾಗಿ ದಾರಿಯ ನಡುವೆ ಇಲ್ಲದ ದಿನಾಂಕಗಳು ಬಂದೇ ಬರುತ್ತವೆ. ಜನವರಿ 31ರಿಂದ ಮಾರ್ಚ್ 31ಕ್ಕೆ ಹೋಗುವವರು ಫೆಬ್ರವರಿಯನ್ನು ದಾಟಲೇಬೇಕಲ್ಲ! ದಾಟುವಾಗ ದಿನವನ್ನು 28ಕ್ಕೆ ಇಳಿಸಿ ಅಲ್ಲೇ ಬಿಟ್ಟರೆ ಮಾರ್ಚ್ 28ಕ್ಕೆ ಹೋಗಿ ನಿಲ್ಲುತ್ತಾರೆ.

ಈಗ ನಾನು ಎರಡು ಸಂಖ್ಯೆಗಳನ್ನು ಬೇರೆಬೇರೆ ಇಡುತ್ತೇನೆ: ಬಳಕೆದಾರರು ಬಯಸಿದ ದಿನ ಒಂದು, ಸದ್ಯ ತೋರಿಸುತ್ತಿರುವ ದಿನ ಇನ್ನೊಂದು. ಬಯಸಿದ ದಿನ ಬದಲಾಗುವುದು ಅವರು ದಿನದ ಚಕ್ರವನ್ನೇ ಮುಟ್ಟಿದಾಗ ಮಾತ್ರ. ತೋರಿಸುವ ದಿನ ಎಂದರೆ ಬಯಸಿದ ದಿನ ಮತ್ತು ಆ ತಿಂಗಳ ಕೊನೆಯ ದಿನ, ಇವೆರಡರಲ್ಲಿ ಚಿಕ್ಕದು. ಬಯಸಿದ್ದು 29 ಎಂಬ ನೆನಪು ಉಳಿದಿದ್ದರೆ ವರ್ಷ 2000ಕ್ಕೆ ಬಂದೊಡನೆ ದಿನ ತಾನಾಗಿ 29ಕ್ಕೆ ಮರಳುತ್ತದೆ. ಈ ನೆನಪು ಪಿಕರ್ ತೆರೆದಿರುವಷ್ಟು ಹೊತ್ತು ಮಾತ್ರ ಇರಬೇಕು. ಫೆಬ್ರವರಿ 28 ಎಂದು ಸೇವ್ ಮಾಡಿ ಹೋದವರು ಮರುದಿನ ತಿಂಗಳು ಬದಲಿಸಿದಾಗ 31 ಎದ್ದು ಬಂದರೆ ಅದು ಇನ್ನೊಂದು ದೂರಿಗೆ ದಾರಿ.

ತಿದ್ದುಪಡಿಯೂ ಚಕ್ರಗಳೆಲ್ಲ ನಿಂತ ಮೇಲೆ ಆಗಬೇಕು, ಉರುಳುತ್ತಿರುವಾಗ ಅಲ್ಲ. ದಿನದ ಸಾಲುಗಳನ್ನು ತಿಂಗಳಿಗೆ ತಕ್ಕಂತೆ 28, 30, 31 ಎಂದು ಕಡಿಮೆ ಹೆಚ್ಚು ಮಾಡಲು ಹೋಗಬೇಡಿ. ಸುತ್ತುವ ಚಕ್ರ ಒಳಗೆ ಒಂದು ಉದ್ದ ಪಟ್ಟಿ. ಸಾಲಿನ ಸಂಖ್ಯೆಯನ್ನು 31ರಿಂದ ಭಾಗಿಸಿ ಉಳಿದ ಶೇಷದಿಂದಲೇ ದಿನ ಸಿಗುತ್ತದೆ. ಭಾಜಕ ಬದಲಾದರೆ ಇಡೀ ಚಕ್ರ ಕಣ್ಣೆದುರೇ ಎಲ್ಲಿಗೋ ಹಾರುತ್ತದೆ. ಐಫೋನಿನ ಚಕ್ರದ ಪಿಕರ್‌ ನೋಡಿ: ಇಲ್ಲದ ದಿನಗಳನ್ನು ಮಸುಕಾಗಿ ಹಾಗೇ ಉಳಿಸುತ್ತದೆ, ಅವುಗಳ ಮೇಲೆ ನಿಂತರೆ ಮೆಲ್ಲಗೆ ಹಿಂದಕ್ಕೆ ಉರುಳುತ್ತದೆ. ಏನಾಯಿತು, ಯಾಕಾಯಿತು ಎಂಬುದು ನೋಡುವವರಿಗೆ ಗೊತ್ತಾಗುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ವಿಧಾನ ಸಿಕ್ಕಿಲ್ಲ.

ಇನ್ನು ಚಕ್ರ ನಿಲ್ಲುವ ಬಗೆ. ಹೊಸದಾಗಿ ಬರೆಯುವವರು ಸ್ಕ್ರೋಲ್ ಪೂರ್ತಿ ನಿಲ್ಲುವವರೆಗೆ ಕಾದು, ಬಳಿಕ ಹತ್ತಿರದ ಸಾಲಿಗೆ ಎಳೆದು ಕೂರಿಸುತ್ತಾರೆ. ನಿಂತ ಚಕ್ರ ಮತ್ತೆ ಅಲುಗುವ ಆ ಚಿಕ್ಕ ಜರ್ಕ್ ಕಣ್ಣಿಗೆ ಕಿರಿಕಿರಿ. ಬೆರಳು ಎದ್ದ ಕ್ಷಣವೇ ಚಕ್ರ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಬಹುದು. ಐಓಎಸ್‌ನ ಸಾಮಾನ್ಯ ಸ್ಕ್ರೋಲ್‌ನಲ್ಲಿ ವೇಗ ಪ್ರತಿ ಮಿಲಿಸೆಕೆಂಡಿಗೆ ಹಿಂದಿನದರ 0.998 ಪಾಲು ಉಳಿಯುತ್ತದೆ. ಅಂದರೆ ಮಿಲಿಸೆಕೆಂಡಿಗೆ 1 ಪಾಯಿಂಟ್ (ಪರದೆಯ ಮೇಲಿನ ಅಳತೆಯ ಘಟಕ) ವೇಗದಲ್ಲಿ ಬಿಟ್ಟ ಚಕ್ರ ಸುಮಾರು 500 ಪಾಯಿಂಟ್ ಓಡುತ್ತದೆ. ಸಾಲಿನ ಎತ್ತರ 44 ಪಾಯಿಂಟ್ ಆದರೆ ಅದು ಹನ್ನೊಂದು ಸಾಲು ದಾಟಿ ಇನ್ನೊಂದಿಷ್ಟು. ಗುರಿಯನ್ನು ಮೊದಲೇ 484ಕ್ಕೆ ಸರಿಪಡಿಸಿಕೊಟ್ಟರೆ ಚಕ್ರ ಒಂದೇ ಓಟದಲ್ಲಿ ಹೋಗಿ ಸಾಲಿನ ನಡುವೆ ನೆಟ್ಟಗೆ ಕೂರುತ್ತದೆ. ಅದೇ ಅನುಪಾತ 0.99 ಆದರೆ ಓಟ ಸುಮಾರು 100 ಪಾಯಿಂಟ್‌ಗೆ, ಎರಡೇ ಸಾಲಿಗೆ ಇಳಿಯುತ್ತದೆ. ಹನ್ನೆರಡೇ ಸಾಲಿರುವ ತಿಂಗಳಿಗೆ ಈ ಬಿಗಿ ಹಿಡಿತ ಸೊಗಸು. ವರ್ಷಕ್ಕೆ ಅದನ್ನೇ ಇಟ್ಟರೆ ಬೆರಳು ಸೋಲುತ್ತದೆ. ಆಂಡ್ರಾಯ್ಡ್‌ನಲ್ಲಿ ಸ್ನ್ಯಾಪ್ ಹೆಲ್ಪರ್, ಫ್ಲಟರ್‌ನಲ್ಲಿ ಲಿಸ್ಟ್ ವೀಲ್ ಸ್ಕ್ರೋಲ್ ವ್ಯೂ, ವೆಬ್‌ನಲ್ಲಿ ಸಿಎಸ್‌ಎಸ್ ಸ್ಕ್ರೋಲ್ ಸ್ನ್ಯಾಪ್ ಎಂಬ ಸಿದ್ಧ ಸಾಧನಗಳು ಈ ಕೆಲಸಕ್ಕೆಂದೇ ಇವೆ. ಅವು ಸಾಲದೆ ಬಂದಾಗಷ್ಟೇ ಸ್ವಂತ ಕೋಡ್ ಬರೆಯುತ್ತೇನೆ.

ಡಿಸೆಂಬರ್ ದಾಟಿ ಜನವರಿಗೆ ಬಂದಾಗ ವರ್ಷವೂ ಮುಂದೆ ಹೋಗಬೇಕೇ? ಬೇಡ. ಮುಟ್ಟದ ಚಕ್ರ ತಿರುಗಬಾರದು.

ಆಯ್ಕೆಯಾದ ದಿನಾಂಕವನ್ನು ಯಾವ ರೂಪದಲ್ಲಿ ಇಡುತ್ತೀರಿ ಎಂಬುದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಜನ್ಮದಿನ ಒಂದು ಕ್ಷಣವಲ್ಲ, ಅದಕ್ಕೆ ಗಂಟೆ ನಿಮಿಷಗಳಿಲ್ಲ. ಅದನ್ನು ‘ಆ ದಿನದ ಮಧ್ಯರಾತ್ರಿ’ ಎಂದು ಮಾಡಿ ಯುಟಿಸಿಗೆ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಬದಲಿಸಿದರೆ, ಯುಟಿಸಿಗಿಂತ ಮುಂದಿರುವ ಟೈಮ್ ಝೋನ್‌ಗಳಲ್ಲಿ ಅದು ಹಿಂದಿನ ದಿನವಾಗಿ ಸರ್ವರ್ ಸೇರುತ್ತದೆ. ಜಾವಾಸ್ಕ್ರಿಪ್ಟ್ ‘2000-02-29’ ಎಂಬ ಬರಹವನ್ನು ಯುಟಿಸಿಯ ಮಧ್ಯರಾತ್ರಿ ಎಂದೇ ಓದುವುದರಿಂದ ಯುಟಿಸಿಗಿಂತ ಹಿಂದಿರುವ ಕಡೆ ಅದೇ ತಪ್ಪು ಮತ್ತೊಂದು ಬಾಗಿಲಿನಿಂದ ಬರುತ್ತದೆ. ಬ್ರೆಜಿಲ್‌ 2019ರಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಕೈಬಿಡುವ ಮುನ್ನ ಅಲ್ಲಿ ಹಾಗೆ ತಿರುಗಿಸುತ್ತಿದ್ದುದು ಮಧ್ಯರಾತ್ರಿಗೇ. ಆ ದಿನಗಳಿಗೆ ಮಧ್ಯರಾತ್ರಿ ಎಂಬುದೇ ಇರಲಿಲ್ಲ. ವರ್ಷ, ತಿಂಗಳು, ದಿನ ಎಂಬ ಮೂರು ಅಂಕಿಗಳನ್ನು ಹಾಗೇ ಇಟ್ಟು ಹಾಗೇ ಕಳಿಸಿ. ಜಾವಾ, ಕಾಟ್ಲಿನ್‌ಗಳಲ್ಲಿ ಲೋಕಲ್ ಡೇಟ್ ಇರುವುದು ಇದಕ್ಕೇ. ಅದಕ್ಕೆ ಫೆಬ್ರವರಿ 31 ಕೊಟ್ಟರೆ ಒಪ್ಪದೆ ದೋಷ ಎಸೆಯುತ್ತದೆ. ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ 2023ರ ಫೆಬ್ರವರಿ 31ನ್ನು ಅಂಕಿಗಳಲ್ಲಿ ಕೊಟ್ಟರೆ ಸುಮ್ಮನೆ ಮಾರ್ಚ್ 3 ಮಾಡಿಕೊಳ್ಳುತ್ತದೆ. ದೋಷ ಎಸೆಯುವುದೇ ನನಗೆ ಇಷ್ಟ.

ಚಕ್ರಗಳ ಕ್ರಮ ಭಾಷೆ, ದೇಶಕ್ಕೆ ತಕ್ಕಂತೆ ಬದಲಾಗುತ್ತದೆ: ಅಮೆರಿಕದಲ್ಲಿ ತಿಂಗಳು ಮೊದಲು, ಜಪಾನಿನಲ್ಲಿ ವರ್ಷ ಮೊದಲು. ಥಾಯ್ಲೆಂಡಿನ ಬೌದ್ಧ ಪಂಚಾಂಗದ ವರ್ಷ 543 ಮುಂದಿದೆ. ಇವನ್ನು ಕೈಯಿಂದ ಬರೆಯದೆ ಫೋನಿನ ಲೊಕೇಲ್ (ಭಾಷೆ, ದೇಶದ) ಮಾಹಿತಿಯಿಂದ ಪಡೆಯಿರಿ. ಸಾಲಿನ ಎತ್ತರವನ್ನು ‘ಮೇ’ ನೋಡಿ ನಿಗದಿ ಮಾಡಬೇಡಿ. ‘ಸೆಪ್ಟೆಂಬರ್’, ‘ಅಕ್ಟೋಬರ್’ಗಳ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಬಳಕೆದಾರರು ಅಕ್ಷರದ ಗಾತ್ರ ಹೆಚ್ಚಿಸಿಕೊಂಡರೆ ಅದೇ ಮೊದಲು ಕತ್ತರಿಸಿಹೋಗುವುದು.

ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಅಥವಾ ಟಾಕ್‌ಬ್ಯಾಕ್‌ನಲ್ಲಿ ಈ ಚಕ್ರವನ್ನು ಬಳಸಬಲ್ಲರೇ ಎಂದು ನೋಡದೆ ನಾನು ಬಿಡುಗಡೆಗೆ ಒಪ್ಪುವುದಿಲ್ಲ. ಪ್ರತಿ ಚಕ್ರವೂ ತನ್ನ ಹೆಸರು, ಈಗ ತೋರಿಸುತ್ತಿರುವ ಆಯ್ಕೆ ಎರಡನ್ನೂ ಹೇಳಬೇಕು, ಒಂದೊಂದೇ ಹೆಜ್ಜೆ ಏರಿಳಿಯುವಂತಿರಬೇಕು. ದಿನ 29ರಿಂದ 28ಕ್ಕೆ ಇಳಿದರೆ ಅದನ್ನೂ ಓದಿ ಹೇಳಬೇಕು. ಕಣ್ಣಿದ್ದವರೇ ಗಮನಿಸದೆ ಹೋದ ಬದಲಾವಣೆ ಅದು. ಕೈ ನಡುಗುವವರಿಗೆ ಎಳೆಯುವುದು ಕಷ್ಟ. 2023ರಲ್ಲಿ ಬಂದ, ಅಂಗವಿಕಲರಿಗೂ ಬಳಸಲು ಬರುವಂತೆ ಮಾಡುವ ವೆಬ್ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡುವಂತಿರಬೇಕು ಎನ್ನುತ್ತದೆ. ಮೇಲಿನ, ಕೆಳಗಿನ ಸಾಲನ್ನು ಒತ್ತಿದರೆ ಅದು ನಡುವೆ ಬರುವಂತೆ ಮಾಡಿದರೆ ಸಾಕು.

ದೂರು ಕೊಟ್ಟವರಿಗೆ ದಿನ ಸರಿಯಾಗಿ ನಿಲ್ಲುವಂತೆ ಮಾಡಿದ ಮೇಲೆ ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಮುಂದಿನ ವಾರದ ಭೇಟಿಗೆ ಚಕ್ರ ಚೆನ್ನ, ನಾಲ್ಕು ಸಾಲು ಉರುಳಿಸಿದರೆ ಮುಗಿಯಿತು. ಅರವತ್ತು ವರ್ಷದವರು ಈ ವರ್ಷದಿಂದ ಹುಟ್ಟಿದ ವರ್ಷಕ್ಕೆ ಹೋಗಲು ಅರವತ್ತು ಸಾಲು, ಅಂದರೆ 2640 ಪಾಯಿಂಟ್ ತಿರುಗಿಸಬೇಕು. ಅವರಿಗೆ ತಮ್ಮ ಜನ್ಮದಿನ ಬಾಯಿಪಾಠವಾಗಿರುತ್ತದೆ. ಹಾಗಾಗಿ ಈಗ ಜನ್ಮದಿನ ಕೇಳುವ ಪುಟದಲ್ಲಿ ಚಕ್ರದ ಮೇಲೆಯೇ ಮೂರು ಖಾಲಿ ಪೆಟ್ಟಿಗೆಗಳಿವೆ. 29, 2, 2000 ಎಂದು ಟೈಪ್ ಮಾಡಿದರೆ ಚಕ್ರಗಳು ತಾವೇ ಅಲ್ಲಿಗೆ ಹೋಗಿ ನಿಲ್ಲುತ್ತವೆ.